ಹಿಂದಿನ ಸೀಟಿನ ಕೆಲಸ

ನಾರಾಯಣಖೇಡದ ಪಾರ್ಸಲ್ ಗೋದಾಮಿನಿಂದ ಸ್ವಲ್ಪ ಮುಂದೆ ಒಂದು ಪಂಕ್ಚರ್ ಅಂಗಡಿ. ಬೆಳಿಗ್ಗೆ ಅಲ್ಲಿ ಬಸ್ಸಿಗೆ ಕಾಯುವವಳಂತೆ ನಿಲ್ಲುತ್ತಿದ್ದೆ. ನಮ್ಮವರು ಪಾರ್ಸಲ್ ತುಂಬಿಕೊಂಡು ಬರಬೇಕು, ಯಾರೂ ನೋಡುವ ಮೊದಲು ನಾನು ಹಿಂದೆ ಹತ್ತಬೇಕು. ಕಟ್ಟಿಕೊಂಡ ಗಂಡನ ಗಾಡಿ ಹತ್ತಲು ಇಷ್ಟು ಕಳ್ಳತನ. ಒಂದು ಗಾಡಿಗೆ ಒಬ್ಬರೇ ಎಂಬುದು ಕಂಪನಿಯ ಕಾಯಿದೆ. ಮ್ಯಾನೇಜರನ ಕಣ್ಣಿಗೆ ಬಿದ್ದರೆ ಐಡಿ ಬಂದ್, ನೌಕರಿ ಖಲಾಸ್.

ಆ ಐಡಿ ಉಳಿಸಲಿಕ್ಕೆಂದೇ ಇದು ಶುರುವಾದದ್ದು. ನಾಗಲಗಿದ್ದದ ಕಡೆಯ ಹಳ್ಳಿಗಳಲ್ಲಿ ಮನೆ ನಂಬರು ಯಾರಿಗೆ ಗೊತ್ತು? ಪ್ರತಿ ಪಾರ್ಸಲ್‌ಗೂ ಫೋನ್ ಹಚ್ಚಿ ಕೇಳಬೇಕು. ನಮ್ಮವರು ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಎತ್ತದವರಿಗೆ ಮತ್ತೆ ಮತ್ತೆ ಹಚ್ಚುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಅರ್ಧ ಪಾರ್ಸಲ್ ವಾಪಸ್. "ಇನ್ನೊಂದು ವಾರ ಹಿಂಗ ಆದ್ರ ಐಡಿ ಬಂದ್ ಮಾಡಬೇಕಾಗ್ತದ ಅಣ್ಣಾ" ಎಂದು ಮ್ಯಾನೇಜರ್ ಹೇಳಿದ ದಿನ ಅವರು ಊಟ ಮುಟ್ಟಲಿಲ್ಲ. ಮರುದಿನ ನಾನು ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ ಹೊರಟೆ.

"ನೀ ಬಂದು ಏನ್ ಮಾಡ್ತಿ?" ಎಂದರು.

"ಬಾಯಿ ಅದ ಅಲ್ಲಾ ನನಗ. ನಿಮ್ಮಂಗ ಹಲ್ಲು ಕಚ್ಚಿ ಕುಂದ್ರಾಕಿ ಅಲ್ಲ ನಾ."

ಅವರು ಓಡಿಸುವುದು, ನಾನು ಮಾತಾಡುವುದು. ಪಾರ್ಸಲ್ ಮೇಲಿನ ಹೆಸರು ನೋಡಿ ಒಬ್ಬರಿಗೆ ಭಾಭಿ, ತೆಲುಗಿನವರಿಗೆ ವದಿನಾ, ಇನ್ನೊಬ್ಬರಿಗೆ ಅಕ್ಕಾರ. ಹೊಲದಲ್ಲಿದ್ದೇವೆ, ನಾಳೆ ಬನ್ನಿ ಎಂದವರನ್ನೂ ಬಿಡುತ್ತಿರಲಿಲ್ಲ. "ರಸ್ತಾಕ ಬಂದು ನಿಂದರ್ರಿ, ಬಂದೇ ಬಿಟ್ಟೀವಿ" ಎನ್ನುತ್ತಿದ್ದೆ. ನಾವಿನ್ನೂ ಹಿಂದಿನ ಊರಲ್ಲೇ ಇರುತ್ತಿದ್ದೆವು.

ಪಾರ್ಸಲ್ ಮುಗಿಸುವುದರಲ್ಲಿ ನಮ್ಮವರು ಎಲ್ಲರಿಗಿಂತ ಮೊದಲಿಗರಾದರು. ಖುಷಿಪಟ್ಟದ್ದು ಸ್ವಲ್ಪ ದಿನ. ಅಷ್ಟರಲ್ಲಿ ಮ್ಯಾನೇಜರ್ ಗೋದಾಮಿನ ಎಲ್ಲರನ್ನೂ ನಿಲ್ಲಿಸಿ, "ಇವರು ಮುಗಿಸ್ತಾರ, ನಿಮಗೇನ್ ಧಾಡಿ?" ಎಂದನಂತೆ. ಎಲ್ಲರ ದಿನದ ಪಾರ್ಸಲ್ ಲೆಕ್ಕ ನಮ್ಮ ಲೆಕ್ಕದಷ್ಟಕ್ಕೆ ಏರಿತು. ನಮ್ಮದು ಅದಕ್ಕಿಂತ ಮೇಲೇರಿತು. ಮನೆಯಲ್ಲಿ ಜನರ ಬ್ಲೌಸ್‌ಗಳು ತೋಳಿಲ್ಲದೆ ನೇತಾಡುತ್ತಿದ್ದವು, ಹೊಲಿಯಲು ಕೊಟ್ಟವರ ಬೈಗುಳ ಬೇರೆ. ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ರೊಟ್ಟಿ ಬಡಿಯುವಾಗಲೂ ಕಿವಿಯಲ್ಲಿ ರಿಂಗ್ ಕೇಳುತ್ತಿತ್ತು.

ಒಂದು ಮಧ್ಯಾಹ್ನ ನಾಗಲಗಿದ್ದದ ಹಾದಿಯಲ್ಲಿ ಹಿಂದಿನಿಂದ ಒಂದು ಗಾಡಿ ಬಂದು ನಮಗೆ ಅಡ್ಡ ನಿಂತಿತು. ಮ್ಯಾನೇಜರ್. ಮೊದಲಿಗ ಹೇಗೆ ಮಾಡುತ್ತಾನೆ, ಹೋಗಿ ನೋಡಿ ಬಾ ಎಂದು ಹೈದರಾಬಾದಿನ ದೊಡ್ಡ ಆಫೀಸಿನವರು ಅಟ್ಟಿದ್ದರಂತೆ. ತೊಡೆಯ ಮೇಲೆ ಪಾರ್ಸಲ್, ಕೈಯಲ್ಲಿ ಫೋನ್.

"ತವರಮನಿಗಿ ಬಿಡಾಕ ಹೊಂಟಿದ್ದೆ ಸಾರ್" ಎಂದರು ನಮ್ಮವರು. ಅದೇ ಹೊತ್ತಿಗೆ ಫೋನಿನಿಂದ ಯಾರೋ, "ಪಾರ್ಸಲ್ ಅಕ್ಕಾ, ಎಲ್ಲಿದ್ದೀರಿ?" ಎಂದು ಕೂಗಿದರು.

ಇನ್ನೇನು ಮುಚ್ಚಿಡುವುದು. ನಾನು ಇಳಿದು ನಿಂತೆ. "ನಾನೇ ಮಾಡ್ತೀನ್ರಿ ಫೋನು. ಐಡಿ ಬಂದ್ ಮಾಡೋದಿದ್ರ ಮಾಡ್ರಿ. ಆದ್ರ ಇದು ಇಬ್ಬರ ಕೆಲಸ ಅದ ಅಂತ ಮ್ಯಾಲಿನವರಿಗಿ ಹೇಳ್ರಿ." ಹೇಳಿ ಮುಗಿಸಿದಾಗ ಮನಸ್ಸು ಹಗುರಾಗಿತ್ತು.

ಮ್ಯಾನೇಜರ್ ನನಗಿಂತ ಚಿಕ್ಕವನು. ಬಿಸಿಲಿಗೆ ತುಟಿ ಒಣಗಿತ್ತು. ಅವನ ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಎತ್ತಿ ತೆಲುಗಿನಲ್ಲಿ, ನೋಡಿದೆ ಸಾರ್, ಮುಂಚೆಯೇ ಫೋನ್ ಮಾಡಿಕೊಳ್ಳುತ್ತಾರೆ, ಅಷ್ಟೇ, ಎಂದ. ಆಮೇಲೆ ನಮ್ಮ ಕಡೆ ತಿರುಗಿದ. "ಐಡಿ ಬಂದ್ ಮಾಡಂಗಿಲ್ಲ ಅಕ್ಕಾ. ನಾ ಏನೂ ನೋಡಿಲ್ಲ. ನನ್ನ ನೌಕರಿನೂ ನಿಮ್ಮ ಪಾರ್ಸಲ್ ಲೆಕ್ಕದ ಮ್ಯಾಲೇ ಅದ."

ಕೈ ಮುಗಿಯಬೇಕೆನಿಸಿತು. ಅವನು ಗಾಡಿ ಶುರು ಮಾಡಿ ನಮ್ಮವರಿಗೆ ಹೇಳಿದ: "ಉಳಿದವರಿಗೂ ಹೇಳ್ರಿ ಅಣ್ಣಾ. ಮನ್ಯಾಗ ಖಾಲಿ ಕುಂತವರು ಇದ್ರ ಕರ್ಕೊಂಡು ಬರ್ರಿ ಅಂತ."

ಖಾಲಿಯಂತೆ. ನನಗೆ ಮೈಯೆಲ್ಲ ಉರಿಯಿತು. ಆ ಬ್ಲೌಸ್‌ಗಳನ್ನು ತಂದು ಅವನ ಮುಖಕ್ಕೆ ಹಿಡಿಯಬೇಕಿತ್ತು. ಅವನಾಗಲೇ ಹೊರಟುಹೋಗಿದ್ದ.

ಮರುವಾರ ಪಂಕ್ಚರ್ ಅಂಗಡಿಯ ಹತ್ತಿರ ನಾನೊಬ್ಬಳೇ ಇರಲಿಲ್ಲ. ಬೇರೆ ಗಾಡಿಯವರ ಹೆಂಡಂದಿರಿಬ್ಬರು ತಲೆಯ ಮೇಲೆ ಸೆರಗು ಎಳೆದುಕೊಂಡು ನಿಂತಿದ್ದರು. ಒಬ್ಬಳ ಕಂಕುಳಲ್ಲಿ ಕೂಸು. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನೀನೇ ಏನವ್ವ, ಮೊದಲ ಹತ್ತಿದಾಕಿ? ನಿನ್ನ ಸಲುವಾಗಿ ಈಗ ನಾವೂ ಹತ್ತಬೇಕಾಗೇದ."

ಅಷ್ಟರಲ್ಲಿ ನಮ್ಮವರ ಗಾಡಿ ಬಂತು. ಹತ್ತಿ ಕೂತು ಫೋನ್ ತೆಗೆದೆ.