ಹತ್ತು ಲಕ್ಷದ ಒಂಬತ್ತನ್ನು ಅಳಿಸಿದ ಗುರುಗಳು

ಹಾವೇರಿ ಸೀಮೆಯಲ್ಲಿ ಗಣಿತವನ್ನು ಬಾಯಿಪಾಠದಿಂದ ಬಿಡಿಸಿ ಮಕ್ಕಳ ಕೈಗೆ ಕೊಟ್ಟವರಲ್ಲಿ ಮಕ್ತುಮಸಾಬ ಗುರುಗಳದು ಮೊದಲ ಹೆಸರು. ಐರಣಿಯಲ್ಲಿ ಹುಟ್ಟಿ, ಕರ್ಜಗಿಯಲ್ಲಿ ನೌಕರಿ ಹಿಡಿದು, ರಾಣೆಬೆನ್ನೂರಿನ ಪ್ರೌಢಶಾಲೆಯಿಂದ ೨೦೦೫ರಲ್ಲಿ ನಿವೃತ್ತರಾದ ಅವರಿಗೆ ಈಗ, ೨೦೦೭ರಲ್ಲಿ, ಅರವತ್ತು ತುಂಬಿದೆ. ಶಾಲೆ ಬಿಟ್ಟು ಗ್ಯಾರೇಜು ಸೇರಿದವರನ್ನೂ ರಸ್ತೆಯಲ್ಲಿ ತಡೆದು, ಸೈಕಲ್ ಸೀಟಿನ ಮೇಲೆ ಹಾಳೆಯಿಟ್ಟು ಲೆಕ್ಕ ಮಾಡಿಸಿದವರು ಅವರು. ಅಂಥ ಹುಡುಗರನ್ನು ಕಂಡು ಮುಖ ತಿರುಗಿಸುವ ದೊಡ್ಡ ಮನುಷ್ಯರಿಗೆ ಊರಲ್ಲಿ ಆಗಲೂ ಬರವಿರಲಿಲ್ಲ, ಈಗಲೂ ಇಲ್ಲ.

ಶಾಲೆಯ ಗೋಡೆಯ ಮೇಲೆ ಅವರು ಎಣ್ಣೆಬಣ್ಣದಲ್ಲಿ ಬರೆಸಿದ್ದ ಸಂಖ್ಯೆ ೧೦೦೦೦೦೯. ಒಂದರಿಂದ ಮತ್ತು ತನ್ನಿಂದಲ್ಲದೆ ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಅವಿಭಾಜ್ಯ ಸಂಖ್ಯೆ ಅದೆಂದು ಎಲ್ಲರೂ ನಂಬಿದ್ದರು. ಸಾವಿರಕ್ಕಿಂತ ದೊಡ್ಡ ಭಾಜಕವಿದ್ದರೆ ಅದರ ಜೋಡಿ ಸಾವಿರದೊಳಗೇ ಸಿಗಬೇಕಾದ್ದರಿಂದ, ಸಾವಿರದೊಳಗಿನ ಅವಿಭಾಜ್ಯಗಳನ್ನು ಗುರುಗಳು ಒಂದು ತರಗತಿಗೆ ಪಾಲು ಹಂಚಿದ್ದರು. ಪ್ರತಿ ಪಾಲಿಗೂ "ಶೇಷ ಉಳೀತ್ರಿ ಸರ" ಎಂಬ ಉತ್ತರ ಬಂದಿತ್ತು.

ನಿವೃತ್ತಿಯ ಹಿಂದಿನ ದಿನ, ಒಮ್ಮೆ ತಾವೇ ಎಲ್ಲ ಭಾಗಾಕಾರ ಮಾಡಬೇಕೆನ್ನಿಸಿ ಅವರು ಕೂತರು. ೨೯೩ರಿಂದ ಭಾಗಿಸಿದಾಗ ೩೪೧೩ ಬಂತು, ಶೇಷ ಸೊನ್ನೆ. ಮತ್ತೆ ಗುಣಿಸಿ ನೋಡಿದರು; ಅದೇ ೧೦೦೦೦೦೯ ಬಂತು.

ಮುಖ್ಯೋಪಾಧ್ಯಾಯ ಶೇಖಪ್ಪನವರು ಕೇಳಿ ಗಾಬರಿಯಾದರು. "ಸನ್ಮಾನದ ಫಲಕದಾಗೂ ಅದನ್ನ ಕೆತ್ತಿಸೇವ್ರಿ. ನಾಳೆ ಯಾರು ಭಾಗಿಸಿ ನೋಡ್ತಾರ? ಸುಮ್ನಿರ್ರಿ."

"ಭಾಗಿಸಿ ನೋಡ್ರಿ ಅಂತ ಕಲಿಸಾಕಽ ಪಗಾರ ತಗೊಂಡೇನ್ರಿ," ಎಂದರು ಗುರುಗಳು.

ಪದವಿಗಳ ಬಾಲ ಹಚ್ಚಿಕೊಂಡು ತಪ್ಪಿನ ಮೇಲೆ ಶಾಲು ಹೊದಿಸುವವರು ಈ ಮಾತನ್ನು ಎರಡು ಸಲ ಓದಬೇಕು.

ಮರುದಿನ ಹಾರ ಹಾಕುವ ಮುನ್ನವೇ ಅವರು ತಪ್ಪನ್ನು ಸಭೆಗೆ ಹೇಳಿ, ಆ ತರಗತಿಯಲ್ಲಿ ೨೯೩ರ ಪಾಲು ತನ್ನ ಹೆಸರಿಗಿದ್ದ ಹಳೆಯ ವಿದ್ಯಾರ್ಥಿನಿ ಮೈಲವ್ವನನ್ನು ಎಬ್ಬಿಸಿದರು. "ಅವತ್ತ ಎಷ್ಟು ಉಳಿದಿತ್ತವ್ವಾ?"

"ನಾ ಸಾಲಿಗೇ ಬಂದಿದ್ದಿಲ್ರಿ ಸರ. ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಬಿಡಸಾಕ ಹೋಗಿದ್ದೆ."

ಪಕ್ಕದಲ್ಲಿದ್ದ ಶ್ರೀದೇವಿ ತಲೆ ತಗ್ಗಿಸಿದಳು. "ಗೆಳತಿಗೆ ಬೈತೀರಿ ಅಂತ ಆಕಿ ಪಾಲಿಂದೂ ನಾನಽ ಶೇಷ ಉಳೀತು ಅಂದೆರಿ."

ಸಭೆ ನಕ್ಕಿತು. "ಗೈರುಹಾಜರಿಗೂ ಶೇಷ ತೆಗದಾಕಿ ನೀ," ಎಂದು ಗುರುಗಳೂ ನಕ್ಕರು. ಅನಂತರ ಗೋಡೆಯ ಸಂಖ್ಯೆಗೆ ತಾವೇ ಸುಣ್ಣ ಬಳಿದು, ಅದರ ಬದಲಿಗೆ ಅವಿಭಾಜ್ಯವಿರಬಹುದಾದ ೧೦೦೦೦೦೩ನ್ನು ಹೇಳಿ ಸಭೆಗೇ ಪಾಲು ಹಂಚತೊಡಗಿದರು.

"ನನಗ ಏಳು ಕೊಡ್ರಿ," ಎಂದರು ಮುಖ್ಯ ಅತಿಥಿಗಳು.

"ಏಳು ಸಣ್ಣ ಹುಡುಗರಿಗೈತ್ರಿ. ನೀವು ಒಂಬೈನೂರಾ ತೊಂಬತ್ತೇಳು ತಗೋರಿ."

ಅತಿಥಿಗಳು ಬೆವರೊರೆಸಿಕೊಂಡು ಹನ್ನೆರಡು ಉಳಿಸಿದರು. ಯಾರ ಪಾಲೂ ಸೊನ್ನೆಗೆ ಇಳಿಯಲಿಲ್ಲ. ಈ ಸಲ ಒಬ್ಬರ ಬದಲು ಇನ್ನೊಬ್ಬರು ಉತ್ತರಿಸಲೂ ಇಲ್ಲ. ಶೇಖಪ್ಪನವರು ಬಣ್ಣದ ಡಬ್ಬಿ ತರಿಸಿದಾಗ ಗುರುಗಳು ತಡೆದರು.

"ಸೀಮೆಸುಣ್ಣದಾಗ ಬರೀರಿ. ಮುಂದಿನ ವರ್ಷದ ಹುಡುಗರೂ ಭಾಗಿಸಿ ನೋಡ್ಲಿ."

ಅವರು ನೂರ್ಕಾಲ ಬಾಳಲಿ. ನಾವು ಖರೇ ಎಂದು ಒಪ್ಪಿಸುವ ಪ್ರತಿ ಲೆಕ್ಕವನ್ನೂ ಹೀಗೆಯೇ ಮತ್ತೊಮ್ಮೆ ಮಾಡಿಸುತ್ತಿರಲಿ.