ಕೆಡವಿದ ಗಿರಣಿಯ ಬಾವಲಿಗಳು

ದೆವ್ವ, ಗಾಳಿ, ಶಕುನ ಇವನ್ನೆಲ್ಲ ನಂಬಿದವನಲ್ಲ ನಾನು. ಶಿರಸಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸಿಕೊಂಡಿದ್ದವನು. ಯಾರಾದರೂ ವಿಚಿತ್ರ ಕಂಡೆ ಎಂದರೆ ಅವತ್ತು ಊಟಕ್ಕೆ ಏನಿತ್ತು ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ವರ್ಷಕ್ಕೆ ಹತ್ತು ಸಲವಾದರೂ ತರಗತಿಯಲ್ಲಿ ಹೇಳುತ್ತಿದ್ದೆ. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ತೊಂಬತ್ತರ ದಶಕದ ಕೊನೆಯ ಮಾತು. ಉಮ್ಮಚಗಿಯ ಹತ್ತಿರ ನಮ್ಮ ತಾಯಿಯ ಕಡೆಯ ಸಂಬಂಧಿಕರೊಬ್ಬರ ಹಳೆಯ ಅಕ್ಕಿ ಗಿರಣಿ ಇತ್ತು. ಅದು ನಿಂತು ಎಷ್ಟೋ ಕಾಲವಾಗಿತ್ತು. ಕೆಡವಿ ಅಲ್ಲೊಂದು ಗೋದಾಮು ಕಟ್ಟಲು ಅವರು ಅನುಮತಿ ಕೇಳಿದ್ದರು. ಜಾಗ ಕಾಡಿನ ಅಂಚಿನದು. ಒಳಗೆ ಬಾವಲಿಗಳ ವಾಸ ಇದೆಯೋ ಇಲ್ಲವೋ ಎಂದು ತಿಳಿದವರಿಂದ ಬರೆಸಿ ತನ್ನಿ ಎಂದು ಕಚೇರಿಯಲ್ಲಿ ಹೇಳಿದರಂತೆ. ಆ ತಿಳಿದವನು ನಾನು. ಸಂಕ್ರಾಂತಿಯ ರಜೆಯಲ್ಲಿ ಹೋದೆ.

ಬಾವಲಿ ಎಣಿಸುವುದು ದೊಡ್ಡ ವಿದ್ಯೆಯೇನಲ್ಲ. ಅವು ಹೊರಬೀಳುವ ಕಿಂಡಿಯನ್ನು ಮೊದಲೇ ನೋಡಿಟ್ಟುಕೊಂಡು, ಅದರ ಒಂದು ಪಕ್ಕಕ್ಕೆ, ಪಡುವಣ ಆಕಾಶ ಎದುರಿಗೆ ಬರುವ ಹಾಗೆ ಸಂಜೆ ಸುಮ್ಮನೆ ನಿಲ್ಲಬೇಕು. ಬಂದದ್ದಕ್ಕೊಂದು ಗೀಟು ಹಾಕಬೇಕು. ಗಿರಣಿಯ ಗೋಡೆಯಲ್ಲಿ ಎರಡಾಳು ಎತ್ತರಕ್ಕೆ ತೌಡಿನ ಧೂಳು ಹೋಗಲೆಂದು ಬಿಟ್ಟ ಕಿಂಡಿಯೊಂದಿತ್ತು. ಎರಡು ಸಂಜೆ ನಿಂತೆ. ಒಟ್ಟು ಮೂರು ಗೀಟು.

ಗಿರಣಿಯ ಗೋಡೆಗೆ ತಾಗಿಸಿ ಇಳಿಸಿದ ಮಾಡಿನ ಕೆಳಗೆ ಗೌರಮ್ಮ ಎಂಬ ಹೆಂಗಸು ಇದ್ದಳು. ಗಂಡ ಅದೇ ಗಿರಣಿಯಲ್ಲಿ ದುಡಿದು ತೀರಿಕೊಂಡವನು. ಬೇಸಿಗೆಯಲ್ಲಿ ಒಳಗೆ ಬೀಳುವ ಬಾವಲಿ ಹಿಕ್ಕೆಯನ್ನು ಗುಡಿಸಿ ತನ್ನ ಬಸಳೆ ಚಪ್ಪರಕ್ಕೆ ಹಾಕುವುದು ಅವಳ ರೂಢಿ. ನನ್ನ ಮೂರು ಗೀಟು ನೋಡಿ ನಕ್ಕುಬಿಟ್ಟಳು.

“ಈಗ ಬಂದ್ರೆ ಎಂತ ಕಾಣ್ತದ್ರಿ ಸರ? ಯುಗಾದಿ ಆಗ್ಲಿ, ಆಗ ಬರ್ರಿ. ಎಲ್ಲೆಲ್ಲಿಂದಲೋ ಹೆರಿಗೆಗೆ ಬರ್ತಾವು. ಇದು ಅವುಗಳ ತವರ್ಮನೆ.”

ಅವಳ ಮಾತಿನಲ್ಲಿ ಶಾಸ್ತ್ರವಿತ್ತು. ಮರಿ ಹಾಕುವ ಕಾಲಕ್ಕೆ ಹೆಣ್ಣು ಬಾವಲಿಗಳು ಒಂದೆಡೆ ಬಂದು ಸೇರುವುದುಂಟು ಎಂದು ನಾನೇ ಪಾಠ ಮಾಡಿದ್ದೆ. ಆದರೆ ನನಗೆ ಇನ್ನೊಂದು ವಿಷಯವೂ ಗೊತ್ತಿತ್ತು. ಸಿದ್ದಾಪುರದ ಕಡೆ ತ್ಯಾಗಲಿಗೆ ಕೊಟ್ಟ ಅವಳ ಒಬ್ಬಳೇ ಮಗಳು ಚೊಚ್ಚಲ ಬಸುರಿ. ಅತ್ತೆ ಇಲ್ಲದ ಮನೆ. ಹೆರಿಗೆ, ಬಾಣಂತನ ಎಲ್ಲ ಈ ಮಾಡಿನ ಕೆಳಗೇ ಆಗಬೇಕಿತ್ತು. ಗಿರಣಿ ಮಳೆಗಾಲದವರೆಗೆ ನಿಂತರೆ ಆ ಹುಡುಗಿಗೆ ತವರು ಉಂಟು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಈಕೆ ಬಾವಲಿಯ ನೆಪ ಹೂಡುತ್ತಿದ್ದಾಳೆ ಎಂದು ಬಗೆದೆ. ಎಂಥ ಜಾಣ ನಾನು!

“ಎಂತದೂ ಇಲ್ಲೆ ಹೇಳಿ ಬರದ್ಬುಡು ತಮಾ. ಮಳೆ ಬಪ್ಪದ್ರೊಳಗೆ ಪಾಯ ಆಗವು” ಎಂದರು ಗಿರಣಿಯ ಯಜಮಾನರು, ಮಳೆಗೆ ಮೊದಲೇ ಪಾಯ ಮುಗಿಯಬೇಕೆಂಬ ಆತುರದಲ್ಲಿ. ಎರಡು ತಿಂಗಳು ಕಾದು ನೋಡೋಣ ಎನ್ನಬೇಕಾದವನು ‘ಬಾವಲಿಗಳ ವಾಸ ಇಲ್ಲ’ ಎಂದು ಬರೆದು ಸಹಿ ಹಾಕಿದೆ. ಅವರ ಮನೆಯಲ್ಲೇ ಉಂಡು ನಾಲ್ಕು ಗಂಟೆಯ ಬಸ್ಸಿಗೆ ಶಿರಸಿಗೆ ಬಂದೆ.

ಯುಗಾದಿ ಕಳೆದು ವಾರಕ್ಕೆ ಗಿರಣಿ ಕೆಡವಿದರು. ಹೆಂಚು ಇಳಿಸಿದ ಆಳೊಬ್ಬ ಆಮೇಲೆ ನನಗೆ ಹೇಳಿದ. ಜಂತಿಯ ಸಂದಿಯ ತುಂಬ ತಾಯಿ ಬಾವಲಿಗಳಿದ್ದವಂತೆ. ಅವು ಗಾಬರಿಯಾಗಿ ಎದ್ದಾಗ, ಕೂದಲೂ ಬಾರದ ಮರಿಗಳು ನೆಲದ ತುಂಬ ಉದುರಿದವಂತೆ. ಬುಟ್ಟಿಯಲ್ಲಿ ತುಂಬಿ ಹೊರಗೆ ಚೆಲ್ಲಿದರಂತೆ. ಗೌರಮ್ಮ ನಂದೊಳ್ಳಿಯಲ್ಲಿ ತಮ್ಮನ ಮನೆಯ ಜಗುಲಿ ಸೇರಿದಳು. ಜಗುಲಿಯಲ್ಲಿ ಬಾಣಂತಿಯನ್ನು ಮಲಗಿಸುವುದೆಲ್ಲಿ? ಮಗಳು ಗಂಡನ ಮನೆಯಲ್ಲೇ ಉಳಿದಳು. ದಿನ ತುಂಬುವ ಮೊದಲೇ ನೋವು ಬಂದಾಗ ಹತ್ತಿರ ಹೆಂಗಸರು ಯಾರೂ ಇರಲಿಲ್ಲ. ಅವಳು ಹೇಗೋ ಉಳಿದಳು, ಕೂಸು ಉಳಿಯಲಿಲ್ಲ. ತವರಿನಲ್ಲಿದ್ದರೆ ಉಳಿಯುತ್ತಿತ್ತೇ? ಯಾರಿಗೂ ಹೇಳಲು ಬಾರದು. ಆದರೆ ಸುದ್ದಿ ಕೇಳಿದ ದಿನ ನನಗೆ ಅನ್ನ ಸೇರಲಿಲ್ಲ.

ಕಾಲೇಜಿಗೆ ರಜೆ ಬಿಟ್ಟ ಮೇಲೆ ಒಂದು ಸಂಜೆ ಅಲ್ಲಿಗೆ ಹೋದೆ. ಯಾಕೆ ಹೋದೆನೋ ತಿಳಿಯದು. ಗಿರಣಿಯ ಗುರುತೇ ಇರಲಿಲ್ಲ. ಪಾಯ ತೋಡಿ, ಪಕ್ಕದಲ್ಲಿ ಚಿರೇಕಲ್ಲು ರಾಶಿ ಹಾಕಿದ್ದರು. ಮೂಲೆಯಲ್ಲಿ ಅರ್ಧ ಮುರಿದ ಬಸಳೆ ಚಪ್ಪರದ ಹತ್ತಿರ ಗೌರಮ್ಮ ಕೂತಿದ್ದಳು. ಉಳಿದ ದಂಟು ಕೊಯ್ದುಕೊಂಡು ಹೋಗಲು ಬಂದವಳು. ಮಾತಾಡಿಸಲು ನನಗೆ ಧೈರ್ಯ ಬರಲಿಲ್ಲ. ಜನವರಿಯಲ್ಲಿ ನಿಂತ ಜಾಗದಲ್ಲೇ ಹೋಗಿ ನಿಂತೆ.

ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೆ ಒಂದು ಬಾವಲಿ ಕಂಡಿತು. ಎಲ್ಲಿಂದ ಬಂತೆಂದು ನೋಡಲಿಲ್ಲ. ಮತ್ತೊಂದು ಬಂತು, ಇನ್ನೊಂದು. ನಾಲ್ಕನೆಯದು ಬಂದಾಗ ದಿಟ್ಟಿಸಿ ನೋಡಿದೆ. ಎರಡಾಳು ಎತ್ತರದಲ್ಲಿ, ಬರೀ ಆಕಾಶವಿದ್ದಲ್ಲಿ, ಒಂದೇ ಒಂದು ಜಾಗದಿಂದ ಅವು ಹೊರಬೀಳುತ್ತಿದ್ದವು. ಆ ಜಾಗದ ಹಿಂದೆ ಏನೂ ಇಲ್ಲ, ಮುಂದೆ ಬಾವಲಿ. ಕಿಂಡಿ ಇದ್ದದ್ದು ಸರಿಯಾಗಿ ಅಲ್ಲೇ. ಕಣ್ಣುಜ್ಜಿಕೊಂಡೆ. ಹತ್ತು ಹೆಜ್ಜೆ ಆಚೆ ಹೋಗಿ ನೋಡಿದೆ. ಅಲ್ಲಿಂದಲೂ ಹಾಗೇ ಕಂಡಿತು. ಬಾಯಿ ತನ್ನಷ್ಟಕ್ಕೆ ಎಣಿಸುತ್ತಿತ್ತು. ನೂರು ದಾಟಿತು. ಒಂದು ನನ್ನ ತಲೆಯ ಮೇಲೇ ಹಾದುಹೋಯಿತು. ಅದರ ಎದೆಗೆ ಮರಿ ಕಚ್ಚಿಕೊಂಡಿತ್ತು. ಅದರ ಹಿಂದೆ ಬಂದದ್ದಕ್ಕೂ ಮರಿ. ಅದರ ಹಿಂದಿನದಕ್ಕೂ. ಅಷ್ಟು ಹತ್ತಿರದಿಂದ ಹೋದರೂ ರೆಕ್ಕೆಯ ಸದ್ದು ಮಾತ್ರ ಇಲ್ಲ. ಅಲ್ಲಿಗೆ ನನ್ನ ಎಣಿಕೆ ತಪ್ಪಿತು.

“ಕಂಡ್ವೇನ್ರಿ ಸರ?” ಎಂದಳು ಗೌರಮ್ಮ, ಕೂತಲ್ಲಿಂದಲೇ.

ಹೂಂ ಎಂದೆ.

“ಕೂಸುಗಳ್ನ ಕರ್ಕೊಂಡು ಹೊಂಟ್ವು” ಎಂದಳು. ಬಸಳೆ ದಂಟಿನ ಕಟ್ಟು ಅವಳ ಮಡಿಲಲ್ಲಿತ್ತು. ಆಮೇಲೆ, “ಈಗಾರ ಬರೀರಿ” ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. ನನ್ನ ಜೇಬಿನಲ್ಲಿ ಪೆನ್ನಿತ್ತು, ಕಾಗದ ಇರಲಿಲ್ಲ. ಇದ್ದಿದ್ದರೂ ಬರೆಯುತ್ತಿರಲಿಲ್ಲ.

ಅವತ್ತು ಕಂಡದ್ದನ್ನು ಬಿಡಿಸಿ ಹೇಳಲು ನಾನು ಪ್ರಯತ್ನಪಡದೆ ಬಿಟ್ಟಿಲ್ಲ. ಬದುಕಿ ಉಳಿದ ತಾಯಿ ಬಾವಲಿಗಳು ಹಳೆಯ ಜಾಗ ಹುಡುಕಿ ಬಂದಿರಬಹುದು. ಆದರೆ ಅವು ಬರುವುದನ್ನು ನಾನು ಕಾಣಲಿಲ್ಲ, ಹೋಗುವುದನ್ನಷ್ಟೇ ಕಂಡೆ. ಮರಿಗಳೋ, ಬುಟ್ಟಿಯಲ್ಲಿ ಹೋಗಿಯಾಗಿತ್ತು. ಮಾಡಿದ ತಪ್ಪು ಕಣ್ಣಿಗೆ ಕಟ್ಟಿತು ಎನ್ನೋಣವೆಂದರೆ ಗೌರಮ್ಮನೂ ಕಂಡಳು. ಪ್ರಮಾಣಿಸಿ ನೋಡಬೇಕಾದಾಗ ನೋಡದವನು ಈಗ ಯಾವ ಬಾಯಿಂದ ಪ್ರಮಾಣ ಕೇಳಲಿ?

ಗೋದಾಮು ಎದ್ದು ನಿಂತಿತು. ಆಮೇಲೆ ನಾನು ಯಾರಿಗೂ ಅಂಥ ಕಾಗದ ಬರೆದುಕೊಡಲಿಲ್ಲ, ಅದರಿಂದ ಯಾರಿಗೂ ಏನೂ ಉಪಕಾರವಾಗಲಿಲ್ಲ. ಗೌರಮ್ಮ ನಂದೊಳ್ಳಿಯ ಅದೇ ಜಗುಲಿಯಲ್ಲಿ ತೀರಿಕೊಂಡಳು. ಮಗಳಿಗೆ ಮತ್ತೆ ಮಕ್ಕಳಾಗಲಿಲ್ಲ ಎಂದು ಕೇಳಿದೆ. ನನ್ನ ಕಾಗದ ಯಾವುದೋ ಕಡತದಲ್ಲಿ ಇನ್ನೂ ಇರಬೇಕು, ವಾಸ ಇಲ್ಲ ಎಂದೇ. ಅವಳು ಬರೆಯಿರಿ ಎಂದದ್ದನ್ನು ಇವತ್ತು ಬರೆದಿದ್ದೇನೆ. ಯಾವ ಕಚೇರಿಗೆ ಕೊಡಬೇಕೋ ಗೊತ್ತಿಲ್ಲ.