ಹನ್ನೆರಡು ವೋಲ್ಟಿನ ನಂದಾದೀಪ

ನಮ್ಮ ಮನೆಯಲ್ಲಿ ಒಂದು ವ್ಯಾನಿತ್ತು. ಓಡುತ್ತಿರಲಿಲ್ಲ, ಆದರೂ ಅದರ ಗತ್ತಿಗೇನೂ ಕಡಿಮೆಯಿರಲಿಲ್ಲ. ಉಪ್ಪಲ್ ಕಡೆಯ ನಮ್ಮ ಮನೆಯ ಅಂಗಳದ ಅರ್ಧವನ್ನು ಅದೇ ನುಂಗಿ ಕೂತಿತ್ತು. ನನ್ನ ಗಂಡನ ಸ್ಕೂಟರ್ ಪಾಪ ಗೇಟಿನ ಹೊರಗೆ ಬಿಸಿಲು ಕಾಯುತ್ತಿತ್ತು. ಸನತ್‌ನಗರದ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಕಲ್ ಫೋರ್‌ಮನ್ ಆಗಿದ್ದ ನನ್ನ ಮಾವ ನಿವೃತ್ತರಾದ ವರ್ಷ ಆ ಹಳೆಯ ಗಾಡಿಯನ್ನು ತಂದು, ಒಳಗೆ ಎರಡು ಮಂಚ, ಒಂದು ಒಲೆಕಟ್ಟೆ, ನೀರಿನ ಡ್ರಮ್ಮು, ದೇವರ ಗೂಡು ಎಲ್ಲವನ್ನೂ ಕೂಡಿಸಿ ಚಕ್ರದ ಮೇಲೊಂದು ಮನೆ ಕಟ್ಟಿದ್ದರು.

ಅದಕ್ಕೆ ಕಾರಣ ನನ್ನ ಅತ್ತೆ. ಅವರಿಗೆ ಊರೂರಿನ ದೇವರು ಬೇಕು, ಹೋಟೆಲಿನ ನೀರು ಮಾತ್ರ ಬೇಡ. ಮಡಿಯಲ್ಲಿ ತಾವೇ ಬೇಯಿಸಿದ್ದನ್ನು ಬಿಟ್ಟು ಬೇರೇನನ್ನೂ ಮುಟ್ಟುವವರಲ್ಲ. ಶ್ರೀಶೈಲಕ್ಕೂ ಬಾದಾಮಿ ಬನಶಂಕರಿಗೂ ಬರೀ ಬಾಳೆಹಣ್ಣು ತಿಂದು ಹೋಗಿ ಬರುತ್ತಿದ್ದ ಹೆಂಡತಿಯನ್ನು ನೋಡಲಾರದೆ ಮಾವ ಅಡುಗೆಮನೆಯನ್ನೇ ಜೊತೆಗೆ ಕರೆದುಕೊಂಡು ಹೊರಟರು. ಪ್ರೀತಿ ಅಂತ ಅವರು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಹೇಳುವುದಕ್ಕೆ ವ್ಯಾನಿತ್ತಲ್ಲ.

ಆರು ವರ್ಷ ಓಡಿದ ಮೇಲೆ ಎಂಜಿನ್ ಕೈಕೊಟ್ಟಿತು. ಮಾವ ಅದನ್ನು ಕ್ಷಮಿಸಿದರು. ಆದರೆ ಮಂಚದ ಕೆಳಗಿದ್ದ ದೊಡ್ಡ ಬ್ಯಾಟರಿಯನ್ನು ಹಾಳಾಗಲು ಬಿಡಲಿಲ್ಲ. ಸಂಜೆ ಮನೆಯಿಂದ ವೈರು ಎಳೆದು ಚಾರ್ಜರ್ ಹಚ್ಚುವುದು, ಬೆಳಿಗ್ಗೆ ತೆಗೆಯುವುದು, ಮುಚ್ಚಳ ಬಿಚ್ಚಿ ನೀರಿನ ಮಟ್ಟ ನೋಡುವುದು ಅವರ ನಿತ್ಯನೇಮ. ಅತ್ತೆ ಒಳಗೆ ಪೂಜೆ ಮಾಡುವಾಗ ಮಾವ ಹೊರಗೆ ಬ್ಯಾಟರಿಯ ಮುಂದೆ ಮೊಣಕಾಲೂರಿ ಕೂತಿರುತ್ತಿದ್ದರು.

ಆಂಧ್ರಪ್ರದೇಶ ಇನ್ನೂ ಒಂದಾಗಿದ್ದ ಕೊನೆಯ ಬೇಸಿಗೆಗಳಲ್ಲಿ ಒಂದು. ಬೆಳಿಗ್ಗೆ ಎರಡು ತಾಸು, ಮಧ್ಯಾಹ್ನ ಎರಡು ತಾಸು ಕರೆಂಟು ಹೋಗುತ್ತಿತ್ತು. ಅದೇ ಹೊತ್ತಿಗೆ, ಮದುವೆಯಾದ ಹದಿನೆಂಟು ವರ್ಷಗಳ ಮೇಲೆ, ನನಗೊಂದು ಕೆಲಸ ಸಿಕ್ಕಿತು. ತೆಲುಗಿನ ಆರೋಗ್ಯ ಪುಸ್ತಿಕೆಗಳನ್ನು ಕನ್ನಡಕ್ಕೆ ತರುವುದು. ಬಾಣಂತಿಯ ಆರೈಕೆ, ಮಕ್ಕಳ ವಾಂತಿಭೇದಿ, ಕುಡಿಯುವ ನೀರು, ಹೀಗೆ. ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಮಾಡಬೇಕು, ದಿನದ ಪುಟಗಳನ್ನು ಸಂಜೆ ನಾಲ್ಕರೊಳಗೆ ಕಳಿಸಬೇಕು. ಹದಿನೈದು ದಿನ ಪರೀಕ್ಷೆ, ಪಾಸಾದರೆ ಖಾಯಂ. ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ. ಅತ್ತೆ ಮಾತ್ರ ಪಲ್ಯಕ್ಕೆ ಒಗ್ಗರಣೆ ಹಾಕುತ್ತ ಒಂದೇ ಮಾತು ಕೇಳಿದರು.

“ಅಡಗಿ ಯಾರು ಮಾಡ್ತಾರ?”

ಆ ಮಾತು ನನ್ನ ಎದೆಗೆ ಮುಳ್ಳಿನಂತೆ ಚುಚ್ಚಿತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ; ಆದರೂ ಆ ದಿನ ಬಾಯಿಗೆ ಬೀಗ ಹಾಕಿಕೊಂಡೆ. ಮರುದಿನದಿಂದ ನಸುಕಿನಲ್ಲೆದ್ದು ನನ್ನ ಪಾಲಿನ ಅಡುಗೆ ಮುಗಿಸಿಯೇ ಕೆಲಸಕ್ಕೆ ಕೂಡತೊಡಗಿದೆ. ಒಂದು ಚಪಾತಿಯೂ ಕಡಿಮೆ ಬೀಳಬಾರದು ಎಂಬ ಹಟ.

ಲ್ಯಾಪ್‌ಟಾಪು ಗಂಡನ ಆಫೀಸಿನವರು ಬೇಡವೆಂದು ಬಿಟ್ಟದ್ದು. ಕರೆಂಟು ಹೋದ ಅರ್ಧ ತಾಸಿಗೆ ಕಣ್ಣು ಮುಚ್ಚುತ್ತಿತ್ತು. ನಾನು ತಲೆಗೆ ಕೈಹೊತ್ತು ಕೂತದ್ದನ್ನು ಮಾವ ನೋಡಿದರು.

“ಇಷ್ಟಕ್ಕ ಯಾಕ ಚಿಂತಿ ಮಾಡ್ತೀ ತಂಗಿ? ವ್ಯಾನಿನಾಗ ಕುಂಡ್ರು. ನಿನ್ನ ಲ್ಯಾಪ್‌ಟಾಪ್ ತಿಂದು ತಿಂದು ಎಷ್ಟು ತಿಂತೈತಿ? ತಾಸಿಗೆ ಐದಾರು ಆಂಪಿಯರ್. ನಮ್ಮ ಬ್ಯಾಟರಿ ನೂರರದು. ಅರ್ಧಕ್ಕಿಂತ ಕೆಳಗ ಇಳಸಬಾರದು, ಅಷ್ಟ ನೋಡು. ಭಾಳ ಆತು ನಿನಗ.”

ಸಣ್ಣ ಇನ್ವರ್ಟರ್ ಹಚ್ಚಿಕೊಟ್ಟರು. ಲ್ಯಾಪ್‌ಟಾಪು, ಇಂಟರ್‌ನೆಟ್ಟಿನ ಡಾಂಗಲ್, ಮೊಬೈಲು, ಅಂಗೈಯಗಲದ ಒಂದು ಫ್ಯಾನು, ಎಲ್ಲವೂ ಬದುಕಿದವು. ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ, ಮಡಿಲಲ್ಲಿ ದಿಂಬು, ದಿಂಬಿನ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಕೂತೆ. ಕಿಟಕಿಯ ಆಚೆ ಕರಿಬೇವಿನ ಗಿಡ. ಒಳಗೆ ಹಳೆಯ ಯಾತ್ರೆಗಳ ಕರ್ಪೂರ, ಇಂಗಿನ ವಾಸನೆ. ಜೀವನದಲ್ಲಿ ಮೊದಲ ಸಲ ನನಗೊಂದು ಕೋಣೆ ಸಿಕ್ಕಿತ್ತು, ಅದಕ್ಕೆ ನಾಲ್ಕು ಚಕ್ರ ಬೇರೆ. ಬಾಣಂತಿಗೆ ಏನು ಉಣಿಸಬೇಕೆಂದು ಬರೆಯುತ್ತ ನಾನು ನಿಜವಾಗಿಯೂ ಸುಖವಾಗಿದ್ದೆ.

ಐದನೆಯ ದಿನ ಒಂದು ತಾಸು ಕಳೆಯುವಷ್ಟರಲ್ಲಿ ಇನ್ವರ್ಟರ್ ಕೀ ಕೀ ಎಂದು ಅಳತೊಡಗಿತು. ಬ್ಯಾಟರಿ ಬರಿದಾಗಿತ್ತು. ಪುಟಗಳು ತಡವಾಗಿ ಹೋದವು. ಎಂಟನೆಯ ದಿನವೂ ಅದೇ ಹಾಡು. ಆಫೀಸಿನ ಹೆಂಗಸು ಫೋನಿನಲ್ಲಿ ಮೆತ್ತಗೆ, “ಇಂಕೋಸಾರಿ ಲೇಟಯಿತೆ ಕಷ್ಟಮಂಡಿ” ಎಂದಳು. ಇನ್ನೊಮ್ಮೆ ತಡವಾದರೆ ಕೆಲಸ ಹೋದಂತೆಯೇ.

ಮಾವನ ಮಾನಕ್ಕೆ ಪೆಟ್ಟು ಬಿದ್ದಿತ್ತು. ಮೀಟರ್ ಹಿಡಿದು ವ್ಯಾನಿನ ಹೊಟ್ಟೆಯೆಲ್ಲ ಹುಡುಕಿದರು. ಟರ್ಮಿನಲ್ ತಿಕ್ಕಿದರು, ಚಾರ್ಜರ್ ಬಿಚ್ಚಿ ಜೋಡಿಸಿದರು. ಕೊನೆಗೆ ನನ್ನ ಕಡೆ ತಿರುಗಿದರು.

“ನೀ ಆ ಫ್ಯಾನ್ ರಾತ್ರಿ ಬಂದ್ ಮಾಡ್ತಿಯೋ ಇಲ್ಲೋ?”

“ಮಾಡ್ತೀನ್ರಿ ಮಾವಾರ. ನಿಮ್ಮ ಬ್ಯಾಟರಿಗೇ ವಯಸ್ಸಾಗೇತಿ.”

ಹಾಗೆ ಅನ್ನಬಾರದಿತ್ತು. ಬ್ಯಾಟರಿಗೆ ವಯಸ್ಸಾಗಿದೆ ಎಂದದ್ದನ್ನು ಅವರು ತಮಗೇ ಅಂದಂತೆ ತಗೊಂಡು, ಆ ಸಂಜೆ ನನ್ನ ಕೈಯ ಚಹ ಬೇಡವೆಂದರು.

ಹನ್ನೊಂದನೆಯ ದಿನ ಮಧ್ಯಾಹ್ನ. ಬಿಸಿಲು ಎಷ್ಟಿತ್ತೆಂದರೆ ಕಿಟಕಿಗಳಿಗೆಲ್ಲ ಹಳೆಯ ಸೀರೆ ಇಳಿಬಿಟ್ಟು ಕತ್ತಲು ಮಾಡಿಕೊಂಡಿದ್ದೆ. ಮೂರು ಗಂಟೆಗೆ ಇನ್ನೂ ಮೂರು ಪುಟ ಬಾಕಿ. ಆಗಲೇ ಇನ್ವರ್ಟರ್ ಅಳಲು ಶುರುಮಾಡಿತು. ಹೊರಗಿದ್ದ ಮಾವ ಮೀಟರ್ ಹಿಡಿದು ಓಡಿಬಂದರು. ನಾನು ಲ್ಯಾಪ್‌ಟಾಪಿನ ಬೆಳಕು ತಗ್ಗಿಸಿದೆ, ಫ್ಯಾನು ಕಿತ್ತೆ, ಮೊಬೈಲು ಕಿತ್ತೆ. ಆಗ ಕಂಡಿತು. ಮೂಲೆಯ ದೇವರ ಗೂಡಿನ ಪರದೆಯ ಅಂಚಿನಿಂದ ಕೆಂಪು ಬೆಳಕು ಸೋರುತ್ತಿತ್ತು.

ಆ ಗೂಡು ಅತ್ತೆಯದು. ಸ್ನಾನ ಮಾಡಿ ಮಡಿಯುಟ್ಟವರನ್ನು ಬಿಟ್ಟು ಅದರ ಪರದೆಯನ್ನು ಬೇರೆಯವರು ಮುಟ್ಟುವಂತಿಲ್ಲ. ಯಾತ್ರೆಯ ದಾರಿಯಲ್ಲಿ ಎಣ್ಣೆದೀಪ ಚೆಲ್ಲುತ್ತದೆಂದು ಮಾವನೇ ಅದರೊಳಗೆ ಬ್ರೇಕ್ ಲೈಟಿನ ಬಲ್ಬನ್ನು ಕೆಂಪು ಗಾಜಿನ ಸಮೇತ ಕೂಡಿಸಿ ನೇರ ಬ್ಯಾಟರಿಗೆ ವೈರ್ ಕೊಟ್ಟಿದ್ದರು. ಮೂವತ್ತು ವರ್ಷ ಫೋರ್‌ಮನ್ ಆಗಿದ್ದವರು ಗಾಡಿಯ ಒಂದೊಂದು ಸ್ಕ್ರೂ ತಪಾಸಣೆ ಮಾಡಿದ್ದರು. ಆ ಒಂದು ಪರದೆ ಮಾತ್ರ ಸರಿಸಿರಲಿಲ್ಲ. ನಾನೂ ಸರಿಸಿರಲಿಲ್ಲ.

“ಅಯ್ಯೋ! ಇದು ಹಗಲೂ ರಾತ್ರಿ ಉರದ್ರ ನಿನ್ನ ಲ್ಯಾಪ್‌ಟಾಪಿನ ಎರಡರಷ್ಟು ತಿಂತೈತಲ್ಲ!” ಎಂದು ಮಾವ ಹಣೆ ಚಚ್ಚಿಕೊಂಡರು. ಆಗಲೂ ಕೈ ಮುಂದೆ ಮಾಡಲಿಲ್ಲ. ಮಡಿಯೂ ಇಲ್ಲ, ಮಣ್ಣಾಂಗಟ್ಟಿಯೂ ಇಲ್ಲ ಎಂದುಕೊಂಡು ನಾನು ಪರದೆಗೆ ಕೈಹಾಕಿದೆ. ಅಷ್ಟರಲ್ಲಿ ಗದ್ದಲ ಕೇಳಿ ಅತ್ತೆ ಬಾಗಿಲಿಗೆ ಬಂದರು.

“ಮುಟ್ಟಬ್ಯಾಡ!”

“ಇದನ್ನ ಯಾಕ ಹಚ್ಚೀರಿ ಅತ್ತ್ಯಾರ? ಇದರಿಂದ ನನ್ನ ಕೆಲಸ ಹೊಂಟೈತಿ!” ನನ್ನ ದನಿ ಬೀದಿಗೆ ಕೇಳುವಂತಿತ್ತು.

ಅತ್ತೆ ಒಮ್ಮೆ ನನ್ನನ್ನು, ಒಮ್ಮೆ ಕೀ ಕೀ ಅನ್ನುತ್ತಿದ್ದ ಪೆಟ್ಟಿಗೆಯನ್ನು ನೋಡಿದರು.

“ಹದಿನೈದು ದಿನದ ನಂದಾದೀಪ ಅದು. ಆರಬಾರದು ಅಂತ ಹರಕಿ. ನಿನ್ನ ನೌಕರಿ ಖಾಯಂ ಆಗ್ಲಿ ಅಂತ ಬೇಡ್ಕೊಂಡೀನಿ. ಇಲ್ಲೇ ಕುಂತು ಕೆಲಸಾ ಮಾಡ್ತಿಯಲ್ಲ, ಇಲ್ಲೇ ಹಚ್ಚಿದ್ರ ಛಲೋ ಅಂತ…”

ನನ್ನ ಕೈ ಅಲ್ಲೇ ನಿಂತಿತು. ನಾಚಿಕೆಯಾಯಿತು, ಅಳು ಬಂತು, ಜೊತೆಗೆ ಗಡಿಯಾರವೂ ಕಣ್ಣಿಗೆ ಬಿತ್ತು. ಮೂರು ಹೊಡೆದು ಹತ್ತು ನಿಮಿಷ. ಹರಕೆಯ ದೀಪವನ್ನು ಕೈಯಾರೆ ಆರಿಸುವವರನ್ನು ನಮ್ಮ ಮನೆತನದಲ್ಲಿ ಯಾರೂ ಕಂಡಿಲ್ಲ.

ಅತ್ತೆ ಚಪ್ಪಲಿ ಬಿಟ್ಟು ಒಳಗೆ ಬಂದರು. ಪರದೆ ಸರಿಸಿ, ಕೈಮುಗಿದು, ಟಪ್ ಎಂದು ಸ್ವಿಚ್ ಒತ್ತಿದರು. ಕೆಂಪು ಬೆಳಕು ಹೋಯಿತು. ಸ್ವಲ್ಪ ಹೊತ್ತಿಗೆ ಇನ್ವರ್ಟರ್ ಕೂಡ ಬಾಯಿ ಮುಚ್ಚಿತು. ಭಾರ ಇಳಿದ ಬ್ಯಾಟರಿ ಒಂದಿಷ್ಟು ಉಸಿರು ತಗೊಂಡಿತ್ತು.

ಲ್ಯಾಪ್‌ಟಾಪಿನ ಅಂಚಿನಲ್ಲಿ ಮಿನುಗುತ್ತಿದ್ದ ಚಾರ್ಜಿನ ಸಣ್ಣ ಬೆಳಕನ್ನು ಅತ್ತೆ ಬೆರಳಿನಿಂದ ತೋರಿಸಿದರು. “ಇಲ್ಲೊಂದು ದೀಪ ಐತಲ್ಲ. ಇನ್ನ ಮ್ಯಾಲೆ ಇದಾ ನಂದಾದೀಪ. ಇದು ಆರದಂಗ ನೋಡ್ಕೊ. ಬರಿ, ಬರಿ, ಹೊತ್ತಾತು.”

ನಾಲ್ಕಕ್ಕೆ ಐದು ನಿಮಿಷ ಇರುವಾಗ ಪುಟಗಳು ಹೋದವು.

ಅಲ್ಲಿಂದ ಮುಂದಿನ ನಾಲ್ಕು ದಿನ ನಮ್ಮ ಮನೆಯವರ ಅವಸ್ಥೆ ಕೇಳಬೇಡಿ. ಆ ಬೆಳಕು ಆರಬಾರದು! ಮಾವ ಮರುದಿನವೇ ಬಸ್ಸು ಹತ್ತಿ ಕೋಠಿಯ ಪೇಟೆಗೆ ಹೋಗಿ, ಕಾರಿನಲ್ಲಿ ಲ್ಯಾಪ್‌ಟಾಪಿಗೆ ಹಚ್ಚುವ ಅಡಾಪ್ಟರ್ ತಂದರು. ಅದು ನೇರ ಬ್ಯಾಟರಿಯಿಂದಲೇ ನಡೆಯುತ್ತದೆ, ಇನ್ವರ್ಟರಿನ ಕಾಟವಿಲ್ಲ, ಖರ್ಚಾಗುವ ಕರೆಂಟೂ ಕಡಿಮೆ. ಮೊದಲೇ ಯಾಕೆ ಹೊಳೆಯಲಿಲ್ಲವೆಂದು ತಮ್ಮನ್ನೇ ಬೈದುಕೊಳ್ಳುತ್ತ ನನ್ನ ಕೈಯ ಎರಡು ಕಪ್ ಚಹ ಕುಡಿದರು. ಚಾರ್ಜ್ ತುಂಬಿ ಕೇಸರಿ ಬೆಳಕು ಬಿಳಿಯಾದಾಗ ಅತ್ತೆ ಗಾಬರಿಯಾಗಿ ಮಾವನನ್ನು ಊಟದಿಂದ ಎಬ್ಬಿಸಿದ್ದೂ ಆಯಿತು.

ಹದಿನೈದನೆಯ ದಿನ ಕೊನೆಯ ಪುಟ ಕಳಿಸಿ ಅತ್ತೆಯನ್ನು ಕರೆದೆ. ಕೈಕಾಲು ತೊಳೆದು ಬಂದು ಮಂಚದ ತುದಿಗೆ ಕೂತರು.

“ಮುಗೀತೇನು?”

“ಮುಗೀತ್ರಿ. ಹರಕಿ ತೀರ್ತು. ನೀವಾ ಬಂದ್ ಮಾಡ್ರಿ.”

ಅತ್ತೆ ಲ್ಯಾಪ್‌ಟಾಪಿನ ಸ್ವಿಚ್ಚಿನವರೆಗೂ ಹೋದ ಬೆರಳನ್ನು ಹಿಂದಕ್ಕೆ ತಗೊಂಡರು. “ಒಮ್ಮಿ ಆರಸೀನಿ, ಸಾಕು. ಇನ್ನೊಮ್ಮಿ ನನ್ನ ಕೈಲಿ ಆಗಂಗಿಲ್ಲ. ನಾಳೀಗೂ ಕೆಲಸ ಐತಲ್ಲ?”

“ಇನ್ನೂ ಅವರು ಏನೂ ಹೇಳಿಲ್ರಿ.”

“ಹೇಳ್ತಾರ. ನೀ ನಾಳಿ ಎಷ್ಟು ಗಂಟೇಕ ಕುಂಡ್ರ್ತಿ ಹೇಳು. ನಿನ್ನ ಪಾಲಿನ ಅಡಗಿ ನಾ ಮಾಡ್ತೀನಿ.”

ಖಾಯಂ ಎಂದು ಆಫೀಸಿನ ಉತ್ತರ ಬಂದದ್ದು ಮರುದಿನ ಹನ್ನೊಂದಕ್ಕೆ. ಅಷ್ಟೊತ್ತಿಗೆ ನಾನು ವ್ಯಾನಿನಲ್ಲಿ ಕೂತು ಎರಡು ತಾಸಾಗಿತ್ತು.